ಒಂಬತ್ತು ತೂತು

ವಾಲ್ಸಾಲ್‌ನ ಕಾಲುವೆ ಬದಿ, ಕುದುರೆ ಜೀನಿನ ಹಳೇ ಕಾರ್ಖಾನೆ,
ಎರಡನೇ ಮಹಡಿಯಲ್ಲಿ ನನ್ನದೊಂದು ಬೆಂಚು.
ವಾರಕ್ಕೆ ನಲವತ್ತು ಪೌಂಡು, ಹೀಟರಿಗೆ ಬೇರೆ.
ಎರಡು ಉಪ್ಪಿನಕಾಯಿ ಜಾಡಿ, ಮೇಲೆ ಅಡ್ಡ ಮರದ ಸ್ಕೇಲು,
ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದ ಫೋನು
ಬಗ್ಗಿ ನೋಡುತ್ತದೆ,
ಬಾಣಂತಿ ಕೋಣೆಗೆ ಇಣುಕುವ ಅತ್ತೆಯ ಹಾಗೆ.

ಕೆಂಪು ಚುಕ್ಕೆ ಹೊತ್ತಿತು. ಶುರು.

ಇದು ಎತ್ತಿನ ಬೆನ್ನಿನ ತೊಗಲು,
ಓಕ್ ತೊಗಟೆಯ ನೀರಲ್ಲಿ ವರ್ಷವಿಡೀ ಮಲಗಿ ಎದ್ದದ್ದು.
ನಮ್ಮಲ್ಲಿ ತಂಗಡಿ ತೊಗಟೆ, ಅಳಲೆಕಾಯಿ.
ದಾಯಾದಿಗಳು: ಮುಖ ಬೇರೆ, ಮೂಗು ಅದೇ.
ಒಂದು ಮಗ್ಗುಲಿಗೆ ಎರಡು ಮಾರು ದಾರ, ಮೇಲೊಂದು ಗೇಣು.
ಮೇಣದುಂಡೆಯ ಮೇಲೆ ಮೂರು ಸಲ ಎಳೆದರೆ
ನಾಲ್ಕನೇ ಸಲ ತಾನೇ ಕಿರುಗುಡುತ್ತದೆ, ಸಾಕು ಅಂತ.

ಎರಡೂ ತುದಿಗೆ ಒಂದೊಂದು ಸೂಜಿ.
ಆರಿ ಚುಚ್ಚಿದ ತೂತಿನಲ್ಲಿ ಎಡಗೈಯದು ಮೊದಲು,
ಬಲಗೈಯದು ಅದರ ಬೆನ್ನಿಗಾತು ಆಮೇಲೆ,
ಇಕ್ಕಟ್ಟಿನ ಓಣಿಯಲ್ಲಿ ಎದುರಾದ ಇಬ್ಬರು
ಮೈ ಸೋಕಿಸಿಕೊಂಡೇ ದಾಟುವ ಹಾಗೆ.
ಸೋಕದಿದ್ದರೆ ಹೊಲಿಗೆಯೇ ಇಲ್ಲ.
ಮೆಷಿನ್ನಿನದು ಒಂದೆಡೆ ಕಡಿದರೆ ಸಾಲಿಗೆ ಸಾಲೇ ಬಿಚ್ಚುತ್ತದೆ.
ಇಲ್ಲಿ ಒಂದು ಎಳೆ ಸತ್ತರೂ
ಇನ್ನೊಂದು ಮನೆ ಹಿಡಿದುಕೊಂಡಿರುತ್ತದೆ.

'ಕೈ ಮಾತ್ರ ತೋರಿಸು,' ಪಕ್ಕದ ಬೆಂಚಿನ ಹೇಝಲ್ ಹೇಳಿದ್ದಳು,
'ಮುಖ ಬೇಡ. ಜನಕ್ಕೆ ಕೈ ಇಷ್ಟ.'
ನಕ್ಕೆ. ಅಥಣಿಯಲ್ಲೂ ಅದೇ ಮಾತಿತ್ತು,
ಇಂಗ್ಲಿಷಿನಲ್ಲಿ ಇರಲಿಲ್ಲ ಅಷ್ಟೆ.
ಅಪ್ಪ ಕಟ್ಟೆಯ ಕೆಳಗೇ ನಿಂತಿರುತ್ತಿದ್ದ.
ಅವರೇ ಕಾಗದದ ಮೇಲೆ ಪಾದವಿಟ್ಟು ಗೀಟೆಳೆದು
ಕಾಗದ ಒಗೆಯುತ್ತಿದ್ದರು, ಗಾಳಿಗೆ ಹಾರದಿರಲೆಂದು
ಒಂದು ಹರಳುಕಲ್ಲು ಸುತ್ತಿ.
ಆ ಕಲ್ಲುಗಳಲ್ಲೇ ನಾನು ಕೂಡಿಸುವ ಲೆಕ್ಕ ಕಲಿತೆ.

ಗಿರಾಕಿ ಡೆನ್ನಿಸ್ ಹ್ಯಾಕೆಟ್, ಬಸ್ಸು ಓಡಿಸಿದವ.
ಹೊಟ್ಟೆಯ ಆಪರೇಶನ್ ಆಗಿ ಆರು ತಿಂಗಳು.
ಒಂದು ಕೈಯಲ್ಲಿ ಪ್ಯಾಂಟು ಹಿಡಿದೇ ಮೆಟ್ಟಿಲು ಹತ್ತಿ ಬಂದ.
ಟೇಪು ಸುತ್ತುವಾಗ ಹೊಟ್ಟೆ ಒಳಗೆಳೆದುಕೊಂಡ, ಹಳೇ ಚಾಳಿ,
ಎಳೆದುಕೊಳ್ಳಲು ಏನೂ ಇರಲಿಲ್ಲ.
'ಒಳಗಡೆ ಎರಡು ತೂತು ಹೆಚ್ಚಿಗಿರಲಿ,' ಅಂದ,
ನಾಳೆ ಮಳೆಯಂತೆ ಅನ್ನುವ ದನಿಯಲ್ಲಿ.

ನೂರಾ ಹನ್ನೆರಡನೇ ಹೊಲಿಗೆಗೆ ಸೂಜಿ ಬೆರಳಿಗೆ ನೆಟ್ಟಿತು.
'ಎವ್ವಾ' ಅಂದದ್ದು ದಾಖಲಾಗಿದೆ. ಅಳಿಸಲಿಲ್ಲ.
ಅದು ಯಾವ ಉಪಕರಣದ ಹೆಸರು, ಕೇಳಿದಳು ಹೇಝಲ್.

ನೂರೈವತ್ತಕ್ಕೆ ಫೋನು ತುಂಬಿ ನಿಂತುಬಿಟ್ಟಿತ್ತು,
ನನಗೆ ಗೊತ್ತಾಗಲಿಲ್ಲ.
ಉಳಿದದ್ದನ್ನು ನೋಡಿದ್ದು ಕಿಟಕಿ,
ಕಾಲುವೆಯಲ್ಲಿ ಪ್ಲಾಸ್ಟಿಕ್ ಬಾಟಲಿ ತಳ್ಳುತ್ತಿದ್ದ ಎರಡು ಬಾತು.
ಹೇಳಬಾರದು, ಒಳ್ಳೆಯ ಹೊಲಿಗೆ ಬಿದ್ದದ್ದು ಆಮೇಲೆಯೇ.
ಯಾರೂ ನೋಡದಿದ್ದರೆ ನನ್ನ ಬಲಗೈ ಅಪ್ಪನದಾಗುತ್ತದೆ,
ಎಳೆದ ಮೇಲೂ ಒಂದು ಸಣ್ಣ ಜಗ್ಗು,
ದಾರಕ್ಕೆ ಗದರಿಸಿದ ಹಾಗೆ.

ತೂತು ಹೊಡೆಯುವ ಹೊತ್ತು.
ನಡುವೆ ಐದು, ರೂಢಿ.
ಒಳಗೆ ಎರಡು, ಅವನು ಕೇಳಿದ್ದು.
ಸುತ್ತಿಗೆ ಇಟ್ಟೆ. ಚಹಾ ಕುಡಿದೆ. ಮತ್ತೆ ಎತ್ತಿದೆ.
ಹೊರಗೆ ಎರಡು, ಕೇಳದ್ದು.

ಒಡಲಿಗೆ ಒಂಬತ್ತು ತೂತು ಅಂತ
ಕುಡಿದ ರಾತ್ರಿ ಅಪ್ಪ ಬೆರಳು ಮಡಿಚುತ್ತಿದ್ದ.
ಎರಡು ಬೆರಳು ರಾಂಪಿಗೆ ಕೊಟ್ಟವನು,
ಎಂಟಕ್ಕೇ ನಿಲ್ಲುತ್ತಿದ್ದ.

ಶುಕ್ರವಾರ ಬಂದ ಡೆನ್ನಿಸ್. ಒಳಗಿನ ಮೊದಲ ತೂತಿಗೆ ಕುಣಿಕೆ ಕೂತಿತು.
ಹೊರಗಿನ ಎರಡರ ಮೇಲೆ ಹೆಬ್ಬೆರಳಾಡಿಸಿದ.
'ಇವು ಯಾರಿಗೆ?'
'ಕ್ರಿಸ್ಮಸ್ಸಿಗೆ,' ಅಂದೆ.
ಯಾವ ಕ್ರಿಸ್ಮಸ್ಸಿಗೆ ಅಂತ ಅವನು ಕೇಳಲಿಲ್ಲ.

ಫೋನು ಜಾಡಿಗಳ ಮೇಲೆ ಕವುಚಿ ಮಲಗಿತ್ತು.
ಇಳಿಯುವಾಗ ಅವನ ಎರಡೂ ಕೈ ಖಾಲಿ.
ಒಂದನ್ನು ಕಟಾಂಜನಕ್ಕೆ ಕೊಟ್ಟ,
ಇನ್ನೊಂದನ್ನು, ತಿರುಗಿ ನೋಡದೆ, ಮೇಲೆತ್ತಿ ಬೀಸಿದ.