ಮುಳುಗಿದ ಹನಿ

ಗಾಜಿನ ಲೋಟದಲ್ಲಿ ಮೈಲುತುತ್ತದ ನೀರು, ನೀಲಿ.
ಬೆರಳು ಚುಚ್ಚಿ ಒಂದು ಹನಿ ಬಿಡುತ್ತೇನೆ.
ಮುಳುಗಿದರೆ, ಬನ್ನಿ, ಆ ಮಂಚ.
ತೇಲಿದರೆ, ನುಗ್ಗೆಸೊಪ್ಪು ತಿನ್ನಿ, ಮೂರು ತಿಂಗಳು ಬಿಟ್ಟು ಬನ್ನಿ.
ಇಪ್ಪತ್ತೈದು ಹನಿಗೊಮ್ಮೆ ನೀರು ಚೆಲ್ಲಿ ಹೊಸತು ತುಂಬಬೇಕು.
ಹದಿನಾಲ್ಕು ವರ್ಷದಿಂದ ಇದೇ ಕೆಲಸ,
ಶಿವಮೊಗ್ಗದ ರಕ್ತನಿಧಿಯ ಮೂರನೇ ಮೇಜು.

ಆಮೇಲೆ ಪ್ರಶ್ನೆಗಳು.
ಕಾಮಾಲೆ ಆಗಿತ್ತಾ? ಹಚ್ಚೆ? ಹಲ್ಲು ಕೀಳಿಸಿದ್ದು ಯಾವಾಗ?
ಇನ್ನೊಂದು ಇದೆ, ಹೆಂಡತಿ ಹೊರಗೆ ಕೂತಿರುವಾಗ
ದನಿ ತಗ್ಗಿಸಿ ಕೇಳುವಂಥದು.
ಫ್ಯಾನು ನೋಡುತ್ತಾ ‘ಇಲ್ಲ’ ಅನ್ನುತ್ತಾರೆ ಜನ.
‘ಇಲ್ಲ’ ಎಂದೇ ಬರೆಯುತ್ತೇನೆ.
ಉಳಿದದ್ದನ್ನು ಕೊಳವೆ ಹೇಳುತ್ತದೆ.

ಗುತ್ಯಪ್ಪ ಬಂದದ್ದು ಫೆಬ್ರವರಿಯ ಒಂದು ಮಂಗಳವಾರ,
ಹಿನ್ನೀರಿನ ಆಚೆಯಿಂದ, ಲಾಂಚು ದಾಟಿ, ಎರಡು ಬಸ್ಸು ಬದಲಿಸಿ.
ಲೋಟ ನೋಡಿ, ‘ಇದು ಕೊಳೆಗೆ ಹೊಡೆಯೋ ಮದ್ದಲ್ವನ್ರೀ?’
ಅದೇ, ಸುಣ್ಣ ಇಲ್ಲ ಅಷ್ಟೆ, ಎಂದೆ.
ಅವನ ಹನಿ ಹರಳಿನ ಹಾಗೆ ತಳ ಸೇರಿತು.
‘ಮುಳುಗ್ತಲ್ಲ!’ ಮುಖ ಅಗಲವಾಯಿತು.

ಜ್ವರ ಏನಾದರೂ?
‘ಹೋದ ವರ್ಷ ಮಂಗನ ಕಾಯಿಲೆ.
ದರಕು ಗುಡಿಸೋಕೆ ಹೋದಲ್ಲಿ ಉಣುಗು ಹತ್ತಿತ್ತು.
ಅಲ್ಲೇ ಮೇಲೆ ಮಂಗ ಸತ್ತು ಬಿದ್ದಿದ್ದು ನಂಗೆ ಗೊತ್ತಿಲ್ಲ.
ಹನ್ನೊಂದು ದಿನ ಎಚ್ಚರ ಇಲ್ಲ, ವಸಡಲ್ಲೆಲ್ಲ ರಕ್ತ.
ಆರು ಚೀಲ ಹಾಕಿದ್ರಂತೆ. ಯಾರದ್ದೋ ಏನೋ.
ಕೈಗಡ ಇಟ್ಕೊಂಡು ಮಲಗಿದ್ರೆ ನಿದ್ದೆ ಹತ್ತಲ್ಲ ನೋಡಿ.’

ಫಾರಂ ತಿರುಗಿಸಿದೆ.
ಮಲೇರಿಯಾಕ್ಕೆ ಒಂದು ಚೌಕ, ಟೈಫಾಯಿಡ್‌ಗೆ ಒಂದು.
ನಮ್ಮ ಕಾಡಿನ ಜ್ವರಕ್ಕೆ ಚೌಕವಿಲ್ಲ.
ಡಾಕ್ಟರ್ ನುಸ್ರತ್ ಬಂದು ಓದಿದರು, ಕನ್ನಡಕ ತೆಗೆದರು:
ರಕ್ತ ಪಡೆದವರು ವರ್ಷ ತುಂಬುವ ತನಕ ಕೊಡುವಂತಿಲ್ಲ.
ಜ್ವರದ ಮಾತು ಬೇರೆ, ಪುಸ್ತಕದಲ್ಲಿ ಇಲ್ಲದ್ದಕ್ಕೆ
ನಾನೊಬ್ಬಳೇ ಹೂಂ ಅನ್ನಲಾರೆ.
ಅಧ್ಯಯನಕ್ಕೆ ಅಂತ ಐದು ಎಂ.ಎಲ್. ಕೊಡ್ತೀರಾ?

‘ಅದು ಯಾರಿಗೆ ಹೋಗುತ್ತೆ?’
ಯಾರಿಗೂ ಇಲ್ಲ. ಯಂತ್ರಕ್ಕೆ.
ಸ್ವಲ್ಪ ಹೊತ್ತು ಸುಮ್ಮನಿದ್ದ. ತೋಳು ಚಾಚಿದ.

ಏಳುವಾಗ ಬಿಸ್ಕತ್ತು, ಮಾವಿನ ಜ್ಯೂಸು ಮುಂದಿಟ್ಟೆ.
ಮುಟ್ಟಲಿಲ್ಲ.
‘ಕೊಟ್ಟವರಿಗೆ ಇಡಿ ಅದು.’

ತೊಂಬತ್ತಾರು ಗುಳಿಯ ತಟ್ಟೆ. ಹೆಸರಿಲ್ಲ, ಊರಿಲ್ಲ, ಬರೀ ಅಂಕಿ.
ಕಡೆಯ ದ್ರಾವಣ ಬಿಟ್ಟು ಕತ್ತಲಲ್ಲಿ ಇಟ್ಟೆ.
ತೆಗೆದಾಗ ಅವನದು ಅರಿಶಿನದ ನೀರಾಗಿತ್ತು, ಆಗಲೇಬೇಕಾದದ್ದು.
ಜೊತೆಗೆ ಇನ್ನೂ ಮೂರು.
ಜ್ವರವೇ ಬಂದಿಲ್ಲ ಎಂದವರದು,
ವರ್ಷಕ್ಕೆರಡು ಸಲ ಬಂದು ಮಲಗಿ
ನಗುತ್ತಾ ಚೀಲ ತುಂಬಿಸಿ ಹೋಗುವವರದು.
ಯಾರ ಮೈಯನ್ನು ಕಾಡು ಹೊಕ್ಕು,
ಚಪ್ಪಲಿ ಸದ್ದೂ ಮಾಡದೆ ದಾಟಿಹೋಗಿತ್ತೋ!
ಅಂಕಿಯ ಹಿಂದಿನ ಹೆಸರು ಬೀರುವಿನಲ್ಲಿದೆ, ಬೀಗ ನನ್ನದಲ್ಲ.

ಕಿಟ್ಟು ಸುಳ್ಳಾಡುವುದೂ ಉಂಟು, ಮತ್ತೊಮ್ಮೆ ಮಾಡಿ, ಎಂದರು ಡಾಕ್ಟರು.
ಮತ್ತೊಮ್ಮೆ ಮಾಡಿದೆ. ಅದೇ ಮೂರು.
ಅವನಿಗೆ ಏರಿಸಿದ ಆರರಲ್ಲಿ ಇವರದೊಂದು ಇದ್ದಿದ್ದರೆ?
ಜ್ವರವನ್ನು ಮೊದಲೇ ಗೆದ್ದ ನೆತ್ತರು
ಕೈಹಿಡಿದು ಎಬ್ಬಿಸಿದ್ದರೆ?
ಹಾಗೆಲ್ಲ ಆಗುವುದಿಲ್ಲ. ಆಗಲೂಬಹುದು.
ವರದಿಯಲ್ಲಿ ಬರೆಯುವಂಥದಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ, ಅವನ ವರ್ಷ ತುಂಬುವ
ಮಾರ್ಚಿ ಹದಿನೇಳಕ್ಕೆ,
ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿದೆ,
ಅಳಿಸಬಹುದಾದಷ್ಟು ತೆಳ್ಳಗೆ.

ಆಮೇಲೆ ನೋಡಿದರೆ ಅದು ಭಾನುವಾರ.