ಬೂದು ಬಣ್ಣದ ಕಿಟಕಿಗಳು

ಪ್ರಿನ್ಸಿಪಾಲ್ ಒಬಿಯೆರೊ, ಮೈಕು ಸ್ವಲ್ಪ ತಗ್ಗಿಸು.
ನನ್ನ ಎತ್ತರ ನಿನಗೆ ಗೊತ್ತಲ್ಲ,
ಮೂರು ವರ್ಷ ಒಂದೇ ಬೆಂಚು ಸವೆಸಿದವರು ನಾವು.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ:
ಜಿಲ್ಲೆಗೆ ಮೊದಲು, ಆರು ವರ್ಷ ಸತತ.
ಕಳೆದ ಸಲ ಇಪ್ಪತ್ತೊಂಬತ್ತು ಮಕ್ಕಳು ನೈರೋಬಿಗೆ,
ಹನ್ನೊಂದು ಮಂದಿ ವೈದ್ಯಕೀಯಕ್ಕೆ.
ಫಲಿತಾಂಶದ ದಿನ ನಿನ್ನನ್ನು ಹೆಗಲ ಮೇಲೆ ಹೊತ್ತು
ಪೇಟೆ ಸುತ್ತಿಸಿದರಂತೆ, ಒಂದು ಬೂಟು ಕಳೆಯಿತಂತೆ.
ಸಂತೋಷ. ನಿಜವಾಗಿ.
ಮಟಾಟುವಿನಲ್ಲಿ ಪಕ್ಕ ಕೂತ ಅಪರಿಚಿತರಿಗೆಲ್ಲ
ನಿಮ್ಮ ಹೆಸರು ಹೇಳಿ ನಾನೂ ಬೀಗಿದ್ದೇನೆ.
ಈ ಅಂಗಳದಲ್ಲಿ ಉಜಿ ಗಂಜಿ ಕುಡಿದು ಬೆಳೆದವಳು,
ಉಂಡ ಮನೆಗೆ ಎರಡು ಬಗೆಯಲಾರೆ.

ಆದರೆ ಒಬಿಯೆರೊ, ಆ ಕಿಟಕಿಗಳು.

ಅಂದಿನ ಹೆಡ್‌ಮಾಸ್ತರು ಒಂದು ರಜೆಯಲ್ಲಿ
ಸರೋವರದ ಕಡೆಯ ಗಾಜಿಗೆಲ್ಲ ಬೂದು ಬಳಿಸಿದರು,
ನಿಂತವನ ಹಣೆಯ ಮಟ್ಟಕ್ಕೆ.
ದೋಣಿ ನೋಡುವ ಕಣ್ಣು ಪುಸ್ತಕ ನೋಡದು, ಎಂದರು.
ಸುಳ್ಳೇಕೆ, ಆ ಬಣ್ಣ ಕೆಲಸ ಮಾಡಿತು.
ಮರುವರ್ಷವೇ ಇಪ್ಪತ್ತು ಸ್ಥಾನ ಮೇಲೆ ಹಾರಿದೆವು.
ಸುಲಿದಾಗಲೆಲ್ಲ ಮತ್ತೆ ಬಳಿದರು,
ಬಳಿದಾಗಲೆಲ್ಲ ಒಂದು ಟ್ರೋಫಿ ಬಂತು,
ಬಣ್ಣಕ್ಕೂ ಬಹುಮಾನಕ್ಕೂ ಗಂಟು ಬಿತ್ತು,
ಬಿಚ್ಚುವ ಧೈರ್ಯ ಯಾರಿಗೂ ಬರಲಿಲ್ಲ.

ಮೂರನೇ ಫಾರಂನಲ್ಲಿ, ಕಂಪಾಸಿನ ಮುಳ್ಳಿನಿಂದ,
ಒಂದು ಶಿಲ್ಲಿಂಗಿನಷ್ಟು ಕೆರೆದೆ ನಾನು.
ಒಂದು ಕಣ್ಣಿಗೆ ಸಾಕು.
ನಾಮ್ ಲೋಲ್ವೆ ಕಂಡಿತು, ಹಸಿರಾಗಿ;
ನೀರಲ್ಲ, ಅಂತರಗಂಗೆ,
ಕೊಲ್ಲಿಯುದ್ದಕ್ಕೂ ಚಾಪೆ ಹಾಸಿದ ಹಾಗೆ.
ನಡುವೆ ಸಿಕ್ಕಿಬಿದ್ದ ಒಲುವೊಚ್ ಮಾವನ ದೋಣಿ.
ಹುಟ್ಟನ್ನು ತೊಡೆಯ ಮೇಲಿಟ್ಟು
ಬಸ್ಸಿಗೆ ಕಾಯುವವನಂತೆ ಕೂತಿದ್ದ.

ಅದೇ ತಾಸಿನಲ್ಲಿ ಅಕೆಯೊ ಮೇಡಂ ಹಲಗೆಯ ಮೇಲೆ
ಜಲಸಸ್ಯಗಳ ಲಕ್ಷಣ ಬರೆಸುತ್ತಿದ್ದರು, ಹನ್ನೆರಡು ಅಂಕಕ್ಕೆ.
ಹೊರಗಿನ ಹಸಿರು ಎಲ್ಲಿಂದ ಬಂತು ಮೇಡಂ,
ಎಂದು ಕೇಳಿದವನು ಒಮುಗಾ.
ಪಠ್ಯದಲ್ಲಿಲ್ಲ, ಕೂತುಕೋ.
ಕೂತ.
ಕೂರುವುದನ್ನು ಬಹಳ ಚೆನ್ನಾಗಿ ಕಲಿತಿದ್ದೆವು.
ನನಗೆ ಹನ್ನೊಂದು ಅಂಕ ಬಂತು.
ದೋಣಿ ಸಂಜೆಯವರೆಗೂ ಅಲ್ಲೇ ಇತ್ತು.

ಇಪ್ಪತ್ತೆರಡು ವರ್ಷದಿಂದ ಅದೇ ನೀರನ್ನು
ಸೀಸೆಯಲ್ಲಿ ತುಂಬಿ ಅಳೆಯುತ್ತೇನೆ.
ದೋಣಿಯಿಂದ ಕತ್ತೆತ್ತಿದರೆ ಗುಡ್ಡದ ಮೇಲೆ ಈ ಶಾಲೆ,
ಕಣ್ಣಿಗೆ ಪೊರೆ ಬಂದ ಅಜ್ಜಿಯ ಹಾಗೆ
ನಮ್ಮ ಕಡೆಗೇ ಮುಖ ಮಾಡಿ, ಏನೂ ಕಾಣದೆ.
ಕೆಲಸಕ್ಕೆ ಬರುವ ನಿನ್ನ ಮಕ್ಕಳು
ನೈಟ್ರೇಟಿನ ಸೂತ್ರ ನಿದ್ದೆಯಲ್ಲೂ ಹೇಳುತ್ತಾರೆ,
ಗಾಳಿ ಯಾವ ಕಡೆಯದು ಎಂದರೆ ಫೋನು ತೆಗೆಯುತ್ತಾರೆ.
ಒಬ್ಬಳು, ಚಿನ್ನದ ಪದಕದವಳು,
ಸೀಸೆ ಅದ್ದಲು ಬಗ್ಗಿದವಳು ಬೆಚ್ಚಿ ಕೈ ಹಿಂತೆಗೆದಳು:
ಇಷ್ಟು ಬೆಚ್ಚಗಿರುತ್ತದೆಯೇ?
ಅವಳ ಮನೆ ಮೀನುಪೇಟೆಯ ಹಿಂದೆಯೇ.
ಹಿತ್ತಲ ಗಿಡ ಮದ್ದಲ್ಲ, ಸರಿ;
ಹಿತ್ತಲ ನೀರು ಪಾಠವೂ ಅಲ್ಲವೇ?

ಮೊದಲಿಗರಾಗುವುದು ಹೇಗೆಂದು ನಿಮಗೆ ಗೊತ್ತಾಯಿತು.
ಆರು ಸಲ ಗೊತ್ತಾಯಿತು.
ಏಳನೆಯದು ಬೇಡ ಎನ್ನುವುದಿಲ್ಲ, ಬರಲಿ.
ಆದರೆ ಸೋತ ಶಾಲೆ ಕಿಟಕಿ ತೆರೆದರೆ
ಅದಕ್ಕೇ ಸೋತರು ಎನ್ನುತ್ತದೆ ಲೋಕ.
ನೀವು ತೆರೆದರೆ, ಆಚೆ ದಡದ ಶಾಲೆಯವರೂ
ಬಕೆಟ್ಟು ಹಿಡಿದು ಏಣಿ ಹತ್ತುತ್ತಾರೆ.
ಗೆದ್ದವರಿಗಷ್ಟೇ ಇರುವ ಸವಲತ್ತು ಇದು,
ಕಪಾಟಿನಲ್ಲಿಟ್ಟು ಬೀಗ ಹಾಕಬೇಡ.
ಒಂದು ವರ್ಷ ಎರಡನೆಯವರಾದರೆ ಆಗಲಿ.
ನಿನ್ನ ಇನ್ನೊಂದು ಬೂಟಾದರೂ ಉಳಿಯುತ್ತದೆ.

ಹಳೆಯ ವಿದ್ಯಾರ್ಥಿಗಳು ಬಸ್ಸು ಕೊಡಿಸುತ್ತಿದ್ದಾರೆ, ಒಳ್ಳೆಯದು.
ನಾನು ತಂದದ್ದು ಈ ರಟ್ಟಿನ ಪೆಟ್ಟಿಗೆ:
ನಲವತ್ತು ಬ್ಲೇಡು, ನಾಲ್ಕು ಡಬ್ಬಿ ಟರ್ಪೆಂಟೈನು.

ಬೆಳಿಗ್ಗೆ, ಶಾಮಿಯಾನ ಕಟ್ಟುವ ಮೊದಲು,
ನಮ್ಮ ಕೊಠಡಿಗೆ ಹೋಗಿದ್ದೆ.
ನನ್ನ ತೂತಿನ ಮೇಲೆ ಎಷ್ಟು ಪದರವೋ, ಸಿಗಲಿಲ್ಲ.
ಅದರ ಒಂದು ಗೇಣು ಕೆಳಗೆ ಇನ್ನೊಂದು, ಹೊಸದು.
ಬೂದು ಪುಡಿ ಇನ್ನೂ ಕಟ್ಟೆಯ ಮೇಲಿತ್ತು.
ಊದಿಬಿಟ್ಟು ಬಂದೆ.
ಯಾರೆಂದು ಹುಡುಕಬೇಡ ಒಬಿಯೆರೊ.
ಅಂದು ನಾನು ಕೆರೆಯುವಾಗ
ಬಾಗಿಲಲ್ಲಿ ಕಾವಲು ನಿಂತು
ಬೇಗ ಮುಗಿಸು, ನನಗೂ ನೋಡಬೇಕು
ಎಂದವನು ನೀನು.