ವೇಸ್ಟೇಜು

ಕೋಲಾರದ ದೊಡ್ಡಪೇಟೆಯಲ್ಲಿ ನನ್ನದು ಏಳಡಿ ಅಂಗಡಿ.
ಚೇಳಮ್ಮನಿಗೆ ಚೇಳು, ಉಳಿದ ದೇವರಿಗೆ ಕಣ್ಣು, ಕೈ, ಕಾಲು,
ಒಂದೊಂದು ಸಲ ಕಿಡ್ನಿ. ಅದರ ಅಚ್ಚು ಅಪ್ಪ ಬಿಟ್ಟುಹೋಗಿರಲಿಲ್ಲ,
ಸ್ಕ್ಯಾನಿಂಗ್ ಸೆಂಟರಿನ ಗೋಡೆ ನೋಡಿ ನಾನೇ ಕೊರೆದೆ.

ಹೋದ ಶುಕ್ರವಾರ ಮುನಿಯೆಲ್ಲಮ್ಮ
ಜೋಡಿ ಕಣ್ಣು ವಾಪಸು ತಂದಳು.
"ಅಮ್ಮ ಮಾತಿಗೆ ತಪ್ಪಿದಳು. ಅವನಿಗೆ ಇನ್ನೂ ಮಬ್ಬೇ.
ನಾನು ಮುಂಗಡ ಕೊಟ್ಟಿದ್ದೆ ಆಚಾರೀ, ಪೂರ್ತಿ ನಗದು."
ಹುಂಡಿಗೆ ಹಾಕಿರಲಿಲ್ಲವೇ?
"ಪಾದದ ಹತ್ತಿರ ಇಟ್ಟಿದ್ದೆ. ತಗೊಂಡೆ.
ಅವಳು ನೋಡ್ತಾನೇ ಇದ್ದಳು."
ತಕ್ಕಡಿಗೆ ಹಾಕಿದೆ. ಹತ್ತೂಕಾಲು ಗ್ರಾಂ, ಕುಂಕುಮ ಸೇರಿ.
ಆವತ್ತಿನ ದರ ಕೊಟ್ಟೆ. ವೇಸ್ಟೇಜು ಹಿಡಿಯಲಿಲ್ಲ.

ಕಾಲೇಜಿನಲ್ಲಿ ಚರಿತ್ರೆ ಹೇಳುವ ಗಂಗರತ್ನ ಮೇಡಂ
ಗೆಜ್ಜೆ ಬೆಸೆಸಲು ಬಂದವರು ಇದನ್ನೆಲ್ಲ ಕೇಳಿಸಿಕೊಂಡು
ಫೋನಿನಲ್ಲಿ ಗ್ರೀಕರ ಕಾಲದ ಮಣ್ಣಿನ ಕಿವಿ ತೋರಿಸಿದರು,
ಮೊಲೆ, ಪಾದ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ.
ಕಿವಿಯ ಸುರುಳಿ ಪರವಾಗಿಲ್ಲ. ಹೆಬ್ಬೆರಳು ಅವಸರದ ಕೆಲಸ.
ಯಾರಿಗೋ ಮರುದಿನವೇ ಬೇಕಿತ್ತೇನೋ, ಪಾಪ.

ಹೋರಿ ಕಡಿದರೆ ಎಲುಬು, ಕೊಬ್ಬು ಸುಟ್ಟ ಹೊಗೆ ದೇವರಿಗಂತೆ,
ಖಂಡ ಊರಿಗಂತೆ. ನಗು ಬಂತು.
ಅಲ್ಲೂ ನಮ್ಮಂಥವನೇ ಪಾಲು ಹಾಕಿದ್ದಾನೆ.
ಕೊಡುವುದಕ್ಕೂ, ತಿರುಗಿ ಬರುವುದಕ್ಕೂ,
ಆಗ ಮುಖದ ಮೇಲೆ ಹಾಯುವ ಕಳೆಗೂ
ಅವರಲ್ಲಿ ಒಂದೇ ಮಾತಂತೆ.
"ನಮ್ಮಲ್ಲಿ ಏನಂತೀವಿ ಆಚಾರ್ರೇ?"
ಋಣ, ಅಂದೆ.
ಅಂದ ಮೇಲೆ ನಾಲಿಗೆ ಕೊಂಚ ಭಾರವಾಯಿತು.

ಗುಡಿಯವರು ವರ್ಷಕ್ಕೊಮ್ಮೆ ಹರಾಜಿಡುತ್ತಾರೆ.
ನಾನೇ ಕೂಗಿ ಕೊಳ್ಳುತ್ತೇನೆ. ಯಾರದೋ ಮಂಡಿ, ಯಾರದೋ ತೊಟ್ಟಿಲು,
ಮೂಸೆಯಲ್ಲಿ ಎಲ್ಲ ಒಂದೇ ನೀರು.
ಅದೇ ಬೆಳ್ಳಿ ಮತ್ತೆ ಕಣ್ಣಾಗಿ ಮೆಟ್ಟಿಲು ಹತ್ತುತ್ತದೆ.
ಪ್ರತಿ ಸುತ್ತಿಗೂ ಗುಲಗಂಜಿಯಷ್ಟು ಕಮ್ಮಿ.
ಒಲೆ ಕೆದಕಿದ್ದೇನೆ, ಬೂದಿ ತೊಳೆದಿದ್ದೇನೆ, ಸಿಗುವುದಿಲ್ಲ.
ಅವಳು ತಿನ್ನುವುದು ಅಷ್ಟೇ ಇರಬೇಕು.

ಯುಗಾದಿಯಿಂದೀಚೆ ನನ್ನ ಬಲಗೈ ನಡುಗುತ್ತಿದೆ.
ಹೆಂಡತಿ ಹರಕೆ ಹೊತ್ತಿದ್ದಾಳೆ, ಒಂದು ಬೆಳ್ಳಿ ಕೈ.
"ಮೊದಲೇ ಕೊಡೋಣವೋ, ವಾಸಿಯಾದ ಮೇಲೋ?"
ಪೇಟೆಯಲ್ಲಿ ಈ ಕೆಲಸಕ್ಕೆ ಬೇರೆ ಯಾರೂ ಉಳಿದಿಲ್ಲ,
ಮಾಡಬೇಕಾದವನು ನಾನೇ, ಆ ಕೈಯಲ್ಲೇ.

ಮುನಿಯೆಲ್ಲಮ್ಮನ ಕಣ್ಣು ಕರಗಿಸಿ ತಗಡು ಬಡಿದೆ.
ನಾಲ್ಕು ಬೆರಳು ನೆಟ್ಟಗೆ ಬಂದವು.
ಐದನೆಯದರಲ್ಲಿ ಉಳಿ ಜಾರಿತು, ಗೆರೆ ಅಂಕುಡೊಂಕು.
ತಿದ್ದಲಿಲ್ಲ.
ಯಾವ ಕೈ ಅಂತ ಅವಳಿಗೂ ಗೊತ್ತಾಗಬೇಕಲ್ಲ.